ದುಃಖಕ್ಕೆ ತಾಳ ಹಾಕಿದವರ ಸಂಗೀತ

ಪ್ರಶ್ನೆ: ನಾನು ಭಾವಗೀತೆ, ದಾಸರ ಪದ, ಹಳೆಯ ಸಿನಿಮಾ ಹಾಡು ಕೇಳಿಕೊಂಡು ಬೆಳೆದವಳು. ಈಚೆಗೆ ಮಗ ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತ ಹಾಡುತ್ತಿದ್ದ ಬಿ.ಬಿ. ಕಿಂಗ್ ಅವರ ‘ದಿ ಥ್ರಿಲ್ ಈಸ್ ಗಾನ್’ ಕೇಳಿಸಿದ. ಅರ್ಧಕ್ಕರ್ಧ ಮಾತು ತಿಳಿಯಲಿಲ್ಲ. ಆದರೂ ಆ ಗಿಟಾರ್ ಕೇಳಿ ಗಂಟಲು ಕಟ್ಟಿತು. ಈಗ ದಿನಾ ಕೇಳುತ್ತಿದ್ದೇನೆ. ಕೇಳಿದ ಮೇಲೆ ಮನಸ್ಸು ಕುಗ್ಗುವುದಿಲ್ಲ, ಹಗುರವಾಗುತ್ತದೆ. ಎಲ್ಲೋ ಅಮೆರಿಕದ ಹತ್ತಿ ಹೊಲದಲ್ಲಿ, ನೂರು ವರ್ಷದ ಹಿಂದೆ ಹುಟ್ಟಿದ ಹಾಡು ನನ್ನಂಥವಳನ್ನು ಹೀಗೆ ಹಿಡಿಯುವುದು ಹೇಗೆ? ಬೇರೆಯವರ ಕಷ್ಟದ ಹಾಡು ಕೇಳಿ ಹಗುರವಾಗುವುದು ಸರಿಯೇ? ಮುಂದೆ ಏನು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ‘ಹಗುರವಾಗುತ್ತದೆ’ ಎಂದಿರಲ್ಲ, ಆ ಮಾತು. ಬ್ಲೂಸ್ ಅಂದರೆ ಅಳುವ ಸಂಗೀತ ಎಂದು ತಿಳಿದವರೇ ಹೆಚ್ಚು. ಆದರೆ ಅದು ಹುಟ್ಟಿದ ಊರುಗಳಲ್ಲಿ ಬ್ಲೂಸ್ ಎಂದರೆ ಶನಿವಾರ ರಾತ್ರಿಯ ಕುಣಿತ. ಬಾಯಲ್ಲಿ ಕಷ್ಟದ ಮಾತು, ಕಾಲಲ್ಲಿ ತಾಳ, ಎರಡೂ ಒಂದೇ ಹೊತ್ತಿನಲ್ಲಿ. ದುಃಖದ ಹಾಡು ಎಲ್ಲ ಜನರಲ್ಲೂ ಇದೆ. ಬ್ಲೂಸ್‌ನ ಹೆಚ್ಚುಗಾರಿಕೆ ಇರುವುದು ಆ ದುಃಖಕ್ಕೆ ಅದು ಕೊಡುವ ಉತ್ತರದಲ್ಲಿ. ಅದರ ಹಿಡಿತ ಇಷ್ಟು ಕಾಲ ಸಡಿಲವಾಗದೆ ಉಳಿದಿರುವುದೂ ಅದರಿಂದಲೇ ಎಂದು ನಾನು ನಂಬಿದ್ದೇನೆ.

ಮೊದಲು ನೆಲದ ವಿಷಯ ಹೇಳಬೇಕು. ಅಮೆರಿಕದ ದಕ್ಷಿಣದಲ್ಲಿ ಮಿಸಿಸಿಪ್ಪಿ ಮತ್ತು ಯಾಜೂ ನದಿಗಳ ನಡುವೆ ಡೆಲ್ಟಾ ಎಂದು ಕರೆಯುವ ಸಮತಟ್ಟು ಭೂಮಿ ಇದೆ, ಹತ್ತಿಗೆ ಹೇಳಿ ಮಾಡಿಸಿದ ಮಣ್ಣು. ಗುಲಾಮಗಿರಿ 1865ರಲ್ಲಿ ಕಾನೂನಿನಿಂದ ಹೋಯಿತು, ಹೊಲದಿಂದ ಹೋಗಲಿಲ್ಲ. ಕಪ್ಪು ಜನಕ್ಕೆ ಉಳಿದದ್ದು ಪಾಲಿನ ಬೇಸಾಯ. ನೆಲ, ಬೀಜ, ಹೇಸರಗತ್ತೆ ಎಲ್ಲ ಮಾಲೀಕನದು, ಬೆಳೆಯಲ್ಲಿ ಅರ್ಧ ಅವನಿಗೆ. ವರ್ಷವಿಡೀ ಅವನ ಅಂಗಡಿಯಿಂದಲೇ ಹಿಟ್ಟು, ಬಟ್ಟೆ ಸಾಲಕ್ಕೆ ತರಬೇಕು. ಹತ್ತಿ ಬಿಡಿಸಿ ಮುಗಿದ ಮೇಲೆ, ವರ್ಷದ ಕೊನೆಗೆ ಲೆಕ್ಕ ಚುಕ್ತಾ. ಲೆಕ್ಕದ ಪುಸ್ತಕವೂ ಮಾಲೀಕನ ಕೈಯಲ್ಲೇ ಇದ್ದುದರಿಂದ ಬೆವರು ಹರಿಸಿದವನು ಬಹಳ ಸಲ ಸಾಲಗಾರನಾಗಿಯೇ ಮುಂದಿನ ವರ್ಷಕ್ಕೆ ಕಾಲಿಡುತ್ತಿದ್ದ. ಎದುರಾಡಿದವರಿಗೆ ಪಾರ್ಚ್‌ಮನ್ ಎಂಬ ಜೈಲಿತ್ತು. ಅದೂ ಒಂದು ಹತ್ತಿ ತೋಟವೇ. ಅದಕ್ಕಿಂತ ಘೋರವಾದದ್ದು ಮರಕ್ಕೆ ನೇತುಹಾಕುವ ಗುಂಪುಗಳು.

ಈ ಬದುಕಿನ ಮೂರು ಜಾಗಗಳಿಂದ ಬ್ಲೂಸ್ ಬಂತು. ಹೊಲದಲ್ಲಿ ಒಬ್ಬನೇ ನೇಗಿಲು ಹಿಡಿದವನು ಎತ್ತುವ ಉದ್ದನೆಯ ಕೂಗು, ಗುಂಪಿನಲ್ಲಿ ಕೊಡಲಿ ಬೀಸುವಾಗ ಒಬ್ಬ ಹೇಳಿ ಉಳಿದವರು ದನಿಗೂಡಿಸುವ ದುಡಿಮೆ ಹಾಡು, ಮತ್ತು ಚರ್ಚಿನ ಪ್ರಾರ್ಥನೆ. ಶನಿವಾರ ಸಂಜೆ ಇವೆಲ್ಲ ಸೇರುತ್ತಿದ್ದದ್ದು ಜೂಕ್ ಜಾಯಿಂಟ್ ಎಂಬ ಹಲಗೆ ಗುಡಿಸಲಿನಲ್ಲಿ. ಕಳ್ಳಭಟ್ಟಿ, ಕರಿದ ಮೀನು, ಒಂದು ಗಿಟಾರ್, ನೆಲ ಅದುರುವಷ್ಟು ಕುಣಿತ. ವಾರದಲ್ಲಿ ಆರು ದಿನ ಮೈ ಬೇರೆಯವರದು. ಆ ಒಂದು ರಾತ್ರಿ ಮೈ ತಮ್ಮದು. ಬ್ಲೂಸ್ ಹಾಡಿನಲ್ಲಿ ಎಷ್ಟೇ ನೋವಿರಲಿ, ಲಯ ಮಾತ್ರ ಎಂದೂ ಸೋಲುವುದಿಲ್ಲವಲ್ಲ, ಅದರ ಬೇರು ಇಲ್ಲಿದೆ.

ವಾದ್ಯವೃಂದದ ಮುಖ್ಯಸ್ಥರಾಗಿದ್ದ ಡಬ್ಲ್ಯು.ಸಿ. ಹ್ಯಾಂಡಿ 1903ರ ಸುಮಾರಿಗೆ ಟಟ್‌ವೈಲರ್ ಎಂಬ ಪುಟ್ಟ ರೈಲು ನಿಲ್ದಾಣದಲ್ಲಿ ತಡವಾದ ಗಾಡಿಗೆ ಕಾಯುತ್ತಿದ್ದಾಗ ಒಬ್ಬ ಹರಕು ಬಟ್ಟೆಯ ಮನುಷ್ಯ ಪಕ್ಕದಲ್ಲಿ ಕುಳಿತು ಗಿಟಾರ್ ತಂತಿಯ ಮೇಲೆ ಚಾಕು ಒತ್ತಿ ಜಾರಿಸುತ್ತ ಹಾಡಿದನಂತೆ. ಎರಡು ರೈಲು ದಾರಿಗಳು ಕೂಡುವ ಜಾಗಕ್ಕೆ ಹೋಗುತ್ತೇನೆ ಎಂಬ ಒಂದೇ ಸಾಲನ್ನು ಮೂರು ಸಲ ಹಾಡಿದ. ನಡುನಡುವೆ ಗಿಟಾರ್ ಅದಕ್ಕೆ ಓಗೊಡುತ್ತಿತ್ತು. ಅಂಥ ವಿಚಿತ್ರ ಸಂಗೀತವನ್ನು ಕೇಳಿಯೇ ಇರಲಿಲ್ಲ ಎಂದು ಹ್ಯಾಂಡಿ ಮುಂದೆ ಬರೆದುಕೊಂಡರು.

ಆ ಅನಾಮಿಕ ಹಾಡಿದ್ದು ಒಂದು ಸಾಲು, ಅದೂ ಊರಿನ ಗುರುತು. ಹಾಗಿದ್ದೂ ಹ್ಯಾಂಡಿಯನ್ನು ಅದು ಬಿಡಲಿಲ್ಲ ಏಕೆ? ಬ್ಲೂಸ್‌ನ ಕಟ್ಟಡವನ್ನು ಬಿಚ್ಚಿ ನೋಡಿದರೆ ಉತ್ತರ ಸಿಗುತ್ತದೆ.

ಸಾಮಾನ್ಯವಾಗಿ ಒಂದು ಚರಣಕ್ಕೆ ಮೂರು ಸಾಲು, ಸಾಲಿಗೆ ತಾಳದ ನಾಲ್ಕು ಆವರ್ತ, ಒಟ್ಟು ಹನ್ನೆರಡು. ಮೊದಲ ಸಾಲನ್ನು ಎರಡನೆಯ ಸಲವೂ ಹೆಚ್ಚುಕಡಿಮೆ ಹಾಗೇ ಹಾಡುತ್ತಾರೆ. ಮೂರನೆಯದು ಅದಕ್ಕೆ ಉತ್ತರ. ಕನ್ನಡದಲ್ಲಿ ಹೇಗಿರುತ್ತದೆಂದು ತೋರಿಸಲು ನಾನೇ ಒಂದು ಚರಣ ಕಟ್ಟಿದ್ದೇನೆ:

ಹೊಳೆ ಉಕ್ಕಿ ಬಂತು, ಹೊಸಿಲು ದಾಟಿ ನಿಂತು,
ಹೌದು, ಹೊಳೆ ಉಕ್ಕಿ ಬಂತು, ನನ್ನ ಹೊಸಿಲು ದಾಟಿ ನಿಂತು.
ಒಲೆ ತೇಲಿ ಹೋಯ್ತು, ಹಸಿವು ಮಾತ್ರ ಇಲ್ಲೇ ಕುಂತು.

ಎರಡನೆಯ ಸಾಲನ್ನು ಕಾಗದದ ಮೇಲೆ ಓದಿದರೆ ಬರೀ ಪುನರುಕ್ತಿ. ಹಾಡುವಾಗ ಹಾಗಲ್ಲ. ಮೊದಲ ಸಾಲಿಗೆ ಗಿಟಾರ್ ಷಡ್ಜದ ಮೇಲೆ ಕಟ್ಟಿದ ಸ್ವರಗುಚ್ಛ (ಒಟ್ಟಿಗೆ ಮೀಟುವ ಕೆಲವು ಸ್ವರಗಳು) ನುಡಿಸುತ್ತಿರುತ್ತದೆ. ಎರಡನೆಯ ಸಲ ಅದೇ ಮಾತು ಬರುವಾಗ ಅದರ ಅಡಿಯ ಸ್ವರಗುಚ್ಛ ಮಧ್ಯಮಕ್ಕೆ ಸರಿದಿರುತ್ತದೆ. ಮಾತು ಅದೇ, ಅದು ನಿಂತ ನೆಲ ಬೇರೆ. ಮೊದಲ ಸಲ ಸುದ್ದಿಯಾಗಿ ಕೇಳಿಸಿದ್ದು ಎರಡನೆಯ ಸಲ ಎದೆಗೆ ಇಳಿಯುತ್ತದೆ. ಕೆಟ್ಟ ಸುದ್ದಿ ಬಂದಾಗ ನಾವೂ ಅದನ್ನು ಒಂದೇ ಸಲಕ್ಕೆ ಒಪ್ಪಿಕೊಳ್ಳುವುದಿಲ್ಲ, ‘ಹೋಗಿಬಿಟ್ರಂತೆ... ಹೋಗಿಬಿಟ್ರಂತೆ’ ಎಂದು ಮತ್ತೆ ಅದನ್ನೇ ಆಡುತ್ತೇವೆ. ಮೂರನೆಯ ಸಾಲಿನಲ್ಲಿ ಸ್ವರಗುಚ್ಛ ಪಂಚಮಕ್ಕೆ ಏರಿ, ಬಿಗಿದು, ಇಳಿದು ಮರಳಿ ಷಡ್ಜಕ್ಕೆ ಬರುತ್ತದೆ. ಅಷ್ಟರಲ್ಲಿ ಹಾಡುವವನು ತನ್ನ ಕಷ್ಟಕ್ಕೆ ಏನೋ ಒಂದು ಹೇಳಿರುತ್ತಾನೆ. ಅದು ಒಂದು ನಿರ್ಧಾರವಿರಬಹುದು, ಬೈಗುಳವಿರಬಹುದು, ಎಷ್ಟೋ ಸಲ ನಗೆಮಾತು. ಕಷ್ಟ ತೀರಿಲ್ಲ, ಆದರೆ ಅದಕ್ಕೊಂದು ಮಾತು ಸಿಕ್ಕಿದೆ. ಆಮೇಲೆ ಮತ್ತೊಂದು ಚರಣ.

ಇನ್ನೊಂದು ಸಂಗತಿ. ಪ್ರತಿ ಸಾಲಿನ ನಾಲ್ಕು ಆವರ್ತದಲ್ಲಿ ಹಾಡು ತುಂಬುವುದು ಸುಮಾರು ಎರಡನ್ನು ಮಾತ್ರ. ಉಳಿದ ಜಾಗ ವಾದ್ಯಕ್ಕೆ. ಹೊಲದಲ್ಲಿ ಒಬ್ಬ ಕೂಗಿದಾಗ ಉಳಿದವರು ಓಗೊಟ್ಟ ಜಾಗ ಅದು. ಒಬ್ಬಂಟಿ ಗಾಯಕನಿಗೂ ಗಿಟಾರ್ ಓಗೊಡುತ್ತದೆ. ನೋವು ಹೇಳಿಕೊಂಡಾಗ ‘ಹ್ಞೂಂ’ ಎನ್ನುವ ಒಂದು ದನಿ ಈ ಸಂಗೀತದ ರಚನೆಯಲ್ಲೇ ಇದೆ. ನಿಮಗೆ ಮಾತು ತಿಳಿಯದೆಯೂ ಗಂಟಲು ಕಟ್ಟಿದ್ದಕ್ಕೆ ನನಗೆ ತೋರುವ ಮೊದಲ ಕಾರಣ ಇದು.

ಬಿ.ಬಿ. ಕಿಂಗ್ ಅವರಲ್ಲಿ ಇದು ಅತ್ಯಂತ ಶುದ್ಧವಾಗಿ ಕಾಣುತ್ತದೆ. ಅವರು ಹಾಡುವಾಗ ಗಿಟಾರ್ ಸುಮ್ಮನಿರುತ್ತದೆ, ಗಿಟಾರ್ ಮಾತಾಡುವಾಗ ಅವರು ಸುಮ್ಮನಿರುತ್ತಾರೆ. 1925ರಲ್ಲಿ ಡೆಲ್ಟಾದಲ್ಲಿ ಹುಟ್ಟಿ, ಹತ್ತಿ ಬಿಡಿಸಿ, ಟ್ರ್ಯಾಕ್ಟರ್ ಓಡಿಸಿ ಬಂದವರು. ಅವರ ತಾಯಿಯ ಕಡೆಯ ನೆಂಟ ಬುಕ್ಕಾ ವೈಟ್ ಗಿಟಾರ್ ತಂತಿಯ ಮೇಲೆ ಲೋಹ ಜಾರಿಸಿ ನುಡಿಸುವುದರಲ್ಲಿ ನಿಸ್ಸೀಮ. ಆ ನಾದ ಕಿಂಗ್ ಅವರಿಗೆ ಬೇಕಿತ್ತು, ಜಾರಿಸುವ ಕೈ ಒಲಿಯಲಿಲ್ಲ. ಅದಕ್ಕೇ ಬರಿಬೆರಳಲ್ಲಿ ದಾರಿ ಹುಡುಕಿಕೊಂಡರು. ಅವರ ಕಛೇರಿಯ ವಿಡಿಯೊ ಸಿಕ್ಕಿದರೆ ಎಡಗೈಯನ್ನು ಗಮನಿಸಿ. ತೋರುಬೆರಳು ಒಂದೇ ಸ್ವರದ ಮೇಲೆ ಊರಿರುತ್ತದೆ, ಹೆಬ್ಬೆರಳು ಗಿಟಾರ್‌ನ ಕತ್ತನ್ನು ಬಿಟ್ಟಿರುತ್ತದೆ, ಉಳಿದ ಬೆರಳುಗಳು ಬಿಚ್ಚಿಕೊಂಡು ಇಡೀ ಕೈ ಪಟಪಟ ಅಲುಗುತ್ತದೆ. ಸ್ವರ ಮೊದಲು ನೇರವಾಗಿ ಹೊರಟು ಆಮೇಲೆ ಕಂಪಿಸುತ್ತದೆ, ಗದ್ಗದವಾದ ಗಂಟಲಿನ ಹಾಗೆ. ನೂರು ಸ್ವರ ನುಡಿಸಬಲ್ಲ ಶಿಷ್ಯರಿಗೆ ನಾನು ಕೊಡುವ ಕಷ್ಟದ ಪಾಠವೆಂದರೆ ಈ ಒಂದು ಸ್ವರ.

ಇನ್ನು ಆ ಸ್ವರದ ವಿಷಯ. ಕರ್ನಾಟಕ ಸಂಗೀತದ ಪರಿಚಯ ನಿಮಗಿದ್ದರೆ ಸಾಧಾರಣ ಗಾಂಧಾರ, ಅದಕ್ಕಿಂತ ತುಸು ಮೇಲಿನ ಅಂತರ ಗಾಂಧಾರ ಗೊತ್ತಿರುತ್ತದೆ. ಪಾಶ್ಚಾತ್ಯರು ಮೊದಲನೆಯದನ್ನು ವಿಷಾದಕ್ಕೂ ಎರಡನೆಯದನ್ನು ಸಂತೋಷಕ್ಕೂ ಮೀಸಲಿಟ್ಟ ಹಾಗೆ ಬಳಸುತ್ತಾರೆ. ಬ್ಲೂಸ್ ಗಾಯಕ ಈ ಎರಡರ ನಡುವೆ ನಿಲ್ಲುತ್ತಾನೆ. ಗಿಟಾರ್ ಅಂತರ ಗಾಂಧಾರ ಹಿಡಿದಿರುವಾಗಲೇ ಗಂಟಲು ಸಾಧಾರಣದಿಂದ ಎದ್ದು ಮೇಲಕ್ಕೆ ಜಗ್ಗುತ್ತದೆ, ಪೂರ್ತಿ ಮುಟ್ಟುವುದಿಲ್ಲ. ಪಿಯಾನೊದಲ್ಲಿ ಈ ಸ್ವರಕ್ಕೆ ಮನೆಯೇ ಇಲ್ಲ, ಗಂಟಲಲ್ಲಿ, ಎಳೆದ ತಂತಿಯಲ್ಲಿ, ತಂತಿಯ ಮೇಲೆ ಜಾರಿಸುವ ಗಾಜಿನಲ್ಲಿ ಮಾತ್ರ ಇದೆ. ಗಮಕದಲ್ಲಿ ಬೆಳೆದ ನಮ್ಮ ಕಿವಿಗೆ ಸ್ವರ ಜಾರುವುದು ಹೊಸದಲ್ಲ. ಆದ್ದರಿಂದ ಬ್ಲೂಸ್ ನಮಗೆ ಬೇಗ ಹತ್ತಿರವಾಗುತ್ತದೆ ಎಂದು ನನ್ನ ಅನಿಸಿಕೆ. ಇದರ ಜೊತೆಗೆ ಷಡ್ಜದ ಸ್ವರಗುಚ್ಛಕ್ಕೂ ಕೈಶಿಕಿ ನಿಷಾದ, ಅಂದರೆ ತುಸು ತಗ್ಗಿದ ನಿಷಾದ, ಸೇರಿಸುತ್ತಾರೆ. ಪಾಶ್ಚಾತ್ಯ ಶಾಸ್ತ್ರದ ಪ್ರಕಾರ ಆ ನಿಷಾದ ಇದ್ದಲ್ಲಿ ವಿಶ್ರಾಂತಿ ಇಲ್ಲ, ಮುಂದೆ ಹೋಗಲೇಬೇಕು. ಬ್ಲೂಸ್‌ನಲ್ಲಿ ತಂಗುವ ಜಾಗದಲ್ಲೇ ಆ ಚಡಪಡಿಕೆ ಇದೆ.

ನೀವು ಕೇಳಿದ ಹಾಡು ಈ ಲೆಕ್ಕದಲ್ಲಿ ಸ್ವಲ್ಪ ಬೇರೆ. ಅದರ ನೆಲೆಯೇ ಸಾಧಾರಣ ಗಾಂಧಾರ. ಜೊತೆಗೆ 1969ರಲ್ಲಿ ಧ್ವನಿಮುದ್ರಣ ಮುಗಿದ ಮೇಲೆ ಪಿಟೀಲುಗಳ ಸಾಲನ್ನು ಸೇರಿಸಿದರು. ಹಾಗಾಗಿ ಅದು ಹೆಚ್ಚು ಮೃದು. ಒರಟು ಬ್ಲೂಸ್ ನಿಮಗೆ ಇನ್ನೂ ಎದುರಾಗಿಲ್ಲ.

ವಿಜ್ಞಾನ ಏನನ್ನುತ್ತದೆ ಎಂದು ಕೆಲವರು ಕೇಳುತ್ತಾರೆ. 2010ರಲ್ಲಿ ಮೇಗನ್ ಕರ್ಟಿಸ್ ಮತ್ತು ಜಮ್‌ಶೇದ್ ಭರೂಚಾ ನಟಿಯರಿಂದ ಬೇರೆ ಬೇರೆ ಭಾವದಲ್ಲಿ ಪುಟ್ಟ ಮಾತುಗಳನ್ನು ಆಡಿಸಿ ಅಳೆದರು. ದುಃಖದ ಮಾತಿನಲ್ಲಿ ದನಿ ಇಳಿಯುವ ಅಂತರ, ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವ ಅಂತರಕ್ಕೆ ಹತ್ತಿರವಿತ್ತು. 2012ರಲ್ಲಿ ಇನ್ನೊಂದು ತಂಡ ಇಂಗ್ಲಿಷ್ ಮಾತು ಮತ್ತು ಪಾಶ್ಚಾತ್ಯ ಸಂಗೀತದ ಜೊತೆ ತಮಿಳು ಮಾತು ಮತ್ತು ಕರ್ನಾಟಕ ಸಂಗೀತದ ರಾಗಗಳನ್ನೂ ಇಟ್ಟು ನೋಡಿತು. ಉತ್ಸಾಹದಲ್ಲಿ ಸ್ವರದ ಜಿಗಿತಗಳು ದೊಡ್ಡವು, ಕುಗ್ಗಿದ ಮನಸ್ಸಿನಲ್ಲಿ ಚಿಕ್ಕವು, ಮಾತಿನಲ್ಲೂ ಹಾಗೇ ಸಂಗೀತದಲ್ಲೂ ಹಾಗೇ, ಎರಡು ಸಂಸ್ಕೃತಿಗಳಲ್ಲೂ. ಅಂದರೆ ನಿಮ್ಮ ಕಿವಿ ಇಂಗ್ಲಿಷ್ ಪದಗಳನ್ನು ಬಿಟ್ಟುಕೊಟ್ಟರೂ ಆ ದನಿಯ ಭಾವವನ್ನು ಹಿಡಿದುಕೊಂಡಿದೆ. ಇಷ್ಟನ್ನು ಒಪ್ಪುತ್ತೇನೆ. ಆದರೆ ಮನಸ್ಸು ಹಗುರವಾದದ್ದು ಏಕೆ ಎಂಬುದಕ್ಕೆ ಈ ಅಳತೆಗಳು ಸಾಲವು.

ಅಲ್ಲಿ ನಮ್ಮ ಕಾವ್ಯಮೀಮಾಂಸೆ ಒಂದಷ್ಟು ದೂರ ಕೈಹಿಡಿಯುತ್ತದೆ. ಕರುಣ ರಸ ಆನಂದ ಕೊಡುವುದು ಹೇಗೆ ಎಂದು ಆಲಂಕಾರಿಕರು ಶತಮಾನಗಳ ಹಿಂದೆಯೇ ಕೇಳಿಕೊಂಡಿದ್ದರು. ರಂಗದ ಮೇಲಿನ ಶೋಕ ಯಾರೋ ಒಬ್ಬರದಾಗಿ ಉಳಿಯದೆ ಎಲ್ಲರದಾಗುತ್ತದೆ, ಅದಕ್ಕೇ ಅದನ್ನು ಸವಿಯಬಲ್ಲೆವು ಎಂಬುದು ಅವರ ಉತ್ತರ. ಬ್ಲೂಸ್‌ಗೆ ಇದು ಹೊಂದುತ್ತದೆ, ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಇಲ್ಲಿ ರಾಮನಿಲ್ಲ, ಸೀತೆಯಿಲ್ಲ, ಇರುವುದು ‘ನಾನು’. ನನ್ನ ಮನೆ ಮುಳುಗಿತು, ನನ್ನವಳು ಹೋದಳು, ನನ್ನ ಶೂ ಸವೆದಿದೆ. ಕೇಳುವವರು ಆ ‘ನಾನು’ವಿನೊಳಕ್ಕೆ ತಾವೇ ಹೊಕ್ಕು ನಿಲ್ಲುತ್ತಾರೆ.

ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಅವರ ‘ಬ್ಯಾಕ್‌ವಾಟರ್ ಬ್ಲೂಸ್’ ಇದಕ್ಕೆ ಸಾಕ್ಷಿ. ಐದು ದಿನ ಮಳೆ, ಹಗಲಲ್ಲೇ ಕವಿದ ಕತ್ತಲೆ, ಹೊರಗೆ ಕಾಲಿಡಲಾಗದ ಹೆಂಗಸನ್ನು ದೋಣಿ ಬಂದು ಕರೆದೊಯ್ಯುತ್ತದೆ. ಅವಳು ಗುಡ್ಡದ ಮೇಲೆ ನಿಂತು ಕೆಳಗೆ ತಾನು ಬದುಕಿದ ಮನೆಯ ಕಡೆ ನೋಡುತ್ತಾಳೆ. ಜೇಮ್ಸ್ ಪಿ. ಜಾನ್ಸನ್ ಅವರ ಪಿಯಾನೊ ಕೆಳಸ್ವರಗಳಲ್ಲಿ ನೀರಿನ ಹಾಗೆ ಉರುಳುತ್ತಿರುತ್ತದೆ. ಬೆಸ್ಸಿ ದನಿಯಲ್ಲಿ ಅಳು ಇಲ್ಲ, ಕಂಡದ್ದನ್ನು ಕಂಡಂತೆ ಹೇಳುತ್ತಾರೆ. ಈ ಹಾಡು ಧ್ವನಿಮುದ್ರಣವಾದದ್ದು 1927ರ ಫೆಬ್ರವರಿಯಲ್ಲಿ. ಏಪ್ರಿಲ್‌ನಲ್ಲಿ ಮಿಸಿಸಿಪ್ಪಿ ನದಿಯ ಒಡ್ಡು ಒಡೆದು ಆ ದೇಶ ಕಂಡರಿಯದ ನೆರೆ ಬಂತು. ಆರು ಲಕ್ಷಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಡೆಲ್ಟಾದ ಗ್ರೀನ್‌ವಿಲ್ ಊರಿನಲ್ಲಿ ಸಾವಿರಾರು ಕಪ್ಪು ಜನರನ್ನು ಒಡ್ಡಿನ ಮೇಲಿನ ಶಿಬಿರಗಳಲ್ಲಿ ಕಾವಲಿಟ್ಟು ದುಡಿಸಿದರು. ಆ ನೆರೆಗೂ ಮೊದಲೇ ಹುಟ್ಟಿದ್ದ ಹಾಡನ್ನು ಜನ ಆ ನೆರೆಯದೇ ಹಾಡೆಂದು ಎತ್ತಿಕೊಂಡರು. ಯಾರ ಮನೆಯೋ ಮುಳುಗಿದ ಹಾಡು ಎಲ್ಲರ ಮನೆ ಮುಳುಗಿದಾಗ ಬೇಕಾಯಿತು. ಇಂದಿಗೂ ಎಲ್ಲಿ ನೆರೆ ಬಂದರೂ ಅದು ಹೊಸದಾಗಿಯೇ ಕೇಳಿಸುತ್ತದೆ.

ಬೆಸ್ಸಿ ಹೆಸರು ಬಂದದ್ದರಿಂದ ಒಂದು ಮಾತು. ಬ್ಲೂಸ್ ಎಂದರೆ ಕವಲುದಾರಿಯಲ್ಲಿ ಗಿಟಾರ್ ಹಿಡಿದು ನಿಂತ ಒಂಟಿ ಗಂಡಸು ಎಂಬ ಚಿತ್ರ ಬಹಳ ಮಟ್ಟಿಗೆ ಆಮೇಲಿನ ಅಭಿಮಾನಿಗಳು ಬರೆದದ್ದು. ಧ್ವನಿಮುದ್ರಿಕೆಯಲ್ಲಿ ಬ್ಲೂಸ್ ಅನ್ನು ಗೆಲ್ಲಿಸಿದವರು ಹೆಂಗಸರು. 1920ರಲ್ಲಿ ಮೇಮಿ ಸ್ಮಿತ್ ಅವರ ‘ಕ್ರೇಜಿ ಬ್ಲೂಸ್’ ಮಾರಾಟವಾದ ಪರಿ ನೋಡಿಯೇ ಕಂಪನಿಗಳು ಕಪ್ಪು ಕಲಾವಿದರನ್ನು ಹುಡುಕಿಕೊಂಡು ಹೊರಟದ್ದು. ಮಾ ರೇನಿ, ಬೆಸ್ಸಿ ಸ್ಮಿತ್ ಬಿಟ್ಟುಹೋದ ಗಂಡನ ಬಗ್ಗೆ, ಬಿಟ್ಟು ಹೊರಟ ತಮ್ಮ ಬಗ್ಗೆ, ಆಸೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಹಾಡಿದರು. ಹಾಗೆಯೇ ಡೆಲ್ಟಾದ ಗಾಯಕ ರಾಬರ್ಟ್ ಜಾನ್ಸನ್ ಸೈತಾನನಿಗೆ ಆತ್ಮ ಮಾರಿ ಗಿಟಾರ್ ವಿದ್ಯೆ ಪಡೆದ ಎಂಬ ಕತೆಯೂ ನಿಮ್ಮ ಕಿವಿಗೆ ಬೀಳುತ್ತದೆ. ನನಗೆ ಆ ಕತೆ ಸೇರುವುದಿಲ್ಲ. ಹಿರಿಯರೊಬ್ಬರ ಹತ್ತಿರ ಕೂತು ಸಾಧನೆ ಮಾಡಿದ ಆ ಹುಡುಗನ ದುಡಿಮೆಯನ್ನು ಅದು ಕಸಿದುಕೊಳ್ಳುತ್ತದೆ. 27ನೆಯ ವಯಸ್ಸಿಗೇ ತೀರಿಕೊಂಡವನು 29 ಹಾಡು ಬಿಟ್ಟುಹೋಗಿದ್ದಾನೆ, ಅವೇ ಸಾಕಲ್ಲ.

‘ಬೇರೆಯವರ ಕಷ್ಟ ಕೇಳಿ ಹಗುರವಾಗುವುದು ಸರಿಯೇ’ ಎಂದು ಕೇಳಿದ್ದೀರಿ. ಸರಿ. ಆ ಜನ ಹಾಡಿದ್ದೇ ಹಗುರವಾಗಲು. ಅವರು ಕನಿಕರ ಬೇಡುತ್ತಿಲ್ಲ. 1964ರಲ್ಲಿ ಷಿಕಾಗೊದ ರೀಗಲ್ ಥಿಯೇಟರಿನಲ್ಲಿ ಬಿ.ಬಿ. ಕಿಂಗ್ ಕೊಟ್ಟ ಕಛೇರಿಯ ಮುದ್ರಿಕೆ ಇದೆ. ಕೇಳಲು ಬಂದವರಲ್ಲಿ ಬಹುಪಾಲು ದಕ್ಷಿಣದ ಹೊಲ ಬಿಟ್ಟು ಉತ್ತರದ ಕಾರ್ಖಾನೆಗಳಿಗೆ ವಲಸೆ ಬಂದ ಕಪ್ಪು ಕುಟುಂಬಗಳವರು. ಅದರಲ್ಲಿ ‘ಹೌ ಬ್ಲೂ ಕ್ಯಾನ್ ಯು ಗೆಟ್’ ಹಾಡಿನ ಒಂದು ಜಾಗ ಬರುತ್ತದೆ. ನಾನು ಹೊಸ ಫೋರ್ಡ್ ಕಾರು ಕೊಡಿಸಿದೆ, ನೀನು ಕ್ಯಾಡಿಲಾಕ್ ಬೇಕೆಂದೆ. ಹತ್ತು ಡಾಲರಿನ ಊಟ ಕೊಡಿಸಿದೆ, ತಿಂಡಿಗೆ ಥ್ಯಾಂಕ್ಸ್ ಅಂದೆ. ಅರಮನೆಯಂಥ ಮನೆಯಲ್ಲಿಟ್ಟೆ, ಗುಡಿಸಲು ಅಂದೆ. ಏಳು ಮಕ್ಕಳನ್ನು ಕೊಟ್ಟೆ, ಈಗ ವಾಪಸ್ ತಗೋ ಅನ್ನುತ್ತೀಯ! ಆ ಕೊನೆಯ ಮಾತಿಗೆ ಸಭಾಂಗಣ ಕಿತ್ತುಹೋಗುವ ಹಾಗೆ ಕೂಗುತ್ತದೆ. ಮುರಿದ ಸಂಸಾರದ ಹಾಡು, ಕೇಳುವವರು ಹೊಟ್ಟೆತುಂಬ ನಗುತ್ತಿದ್ದಾರೆ, ನಗುವವರ ಮನೆಯಲ್ಲೂ ಅದೇ ಕತೆ ಇದ್ದೀತು.

ಆದರೆ ಹಗುರವಾಗುವುದರ ಜೊತೆಗೆ ಒಂದು ಋಣವೂ ನಮ್ಮ ಮೇಲಿದೆ. ಈ ಹಾಡುಗಳಿಂದ ಇಂಗ್ಲೆಂಡಿನ, ಅಮೆರಿಕದ ಬಿಳಿಯ ತಂಡಗಳು ಕೋಟಿ ಗಳಿಸಿದವು. ಮೂಲ ಹಾಡುಗಾರರಲ್ಲಿ ಎಷ್ಟೋ ಜನಕ್ಕೆ ಮುದ್ರಣದ ದಿನ ಕೈಗಿಟ್ಟ ನಾಲ್ಕು ಕಾಸಿನ ಹೊರತು ಏನೂ ದಕ್ಕಲಿಲ್ಲ. ಕೇಳುವಾಗ ಹಾಡಿದವರ ಹೆಸರು, ಊರು ತಿಳಿದುಕೊಳ್ಳಿ. ನಾನು ಕೇಳಿಕೊಳ್ಳುವುದು ಇಷ್ಟೇ.

ಮುಂದೆ ಏನು ಕೇಳಬೇಕು ಎಂದಿರಿ. ರೀಗಲ್ ಕಛೇರಿಯಿಂದ ಶುರುಮಾಡಿ. ಆಮೇಲೆ ಮಡ್ಡಿ ವಾಟರ್ಸ್. ಅವರನ್ನು 1941ರಲ್ಲಿ ಹತ್ತಿ ತೋಟದಲ್ಲೇ ಮುದ್ರಿಸಿಕೊಂಡ ಹಾಡುಗಳೂ ಇವೆ, ಷಿಕಾಗೊಗೆ ಬಂದ ಮೇಲೆ ವಿದ್ಯುತ್ ಗಿಟಾರ್ ಹಿಡಿದವೂ ಇವೆ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಹಳ್ಳಿಯಿಂದ ನಗರಕ್ಕೆ ಬಂದ ಜನರ ಬದುಕು ಕಿವಿಗೇ ಕಾಣುತ್ತದೆ. ಸ್ಕಿಪ್ ಜೇಮ್ಸ್ 1931ರಲ್ಲಿ ಹಾಡಿದವು ಒಂಟಿಯಾಗಿರುವಾಗ ಕೇಳಬೇಕಾದವು, ಮನಸ್ಸು ತೀರ ಕೆಳಗಿದ್ದ ದಿನ ಬೇಡ.

ಬ್ಲೈಂಡ್ ವಿಲ್ಲಿ ಜಾನ್ಸನ್ ಅವರ ‘ಡಾರ್ಕ್ ವಾಸ್ ದಿ ನೈಟ್’ ಅನ್ನು ಮಾತ್ರ ತಪ್ಪಿಸಬೇಡಿ. ಆ ಅಂಧ ಗಾಯಕ ಹಾಡುತ್ತಿದ್ದದ್ದು ದೇವರ ಹಾಡುಗಳನ್ನು, ಕಟ್ಟುನಿಟ್ಟಾಗಿ ನೋಡಿದರೆ ಬ್ಲೂಸ್ ಅಲ್ಲ. ಆದರೆ ತಂತಿಯ ಜಾರು, ದನಿಯ ನರಳು ಅದೇ. 1927ರ ಡಿಸೆಂಬರ್‌ನಲ್ಲಿ ಡಲ್ಲಾಸ್‌ನಲ್ಲಿ ಮುದ್ರಿಸಿದ ಈ ಹಾಡಿನಲ್ಲಿ ಮಾತೇ ಇಲ್ಲ, ಬರೀ ಹ್ಞೂಂಕಾರ. ಅದಕ್ಕೇ ನಿಮಗೂ ಅಮೆರಿಕದವರಿಗೂ ಅದು ಸಮಾನವಾಗಿ ಅರ್ಥವಾಗುತ್ತದೆ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಭೂಮಿಯ ಸಂಗೀತವನ್ನು ಚಿನ್ನದ ಲೇಪದ ತಟ್ಟೆಯಲ್ಲಿ ಬರೆದು ಕಳಿಸಿದಾಗ ಇದನ್ನೂ ಸೇರಿಸಿದರು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರ ಜೈಪುರ-ಅತ್ರೌಲಿ ಘರಾನೆಯವರೇ ಆಕೆ. ಎರಡನ್ನೂ ಒಟ್ಟಿಗೆ ಹಾಕಿ ಕೇಳಿ.

ಹಳೆಯ ಮುದ್ರಿಕೆಗಳಲ್ಲಿ ಚರಚರ ಸದ್ದು ಬಹಳ. ನಾಲ್ಕೈದು ಹಾಡಿಗೆ ಕಿವಿ ಅದನ್ನು ದಾಟಿ ಕೇಳಲು ಕಲಿಯುತ್ತದೆ. ಒರಟು ದನಿ ಮೊದಮೊದಲು ಹಿಡಿಸದಿದ್ದರೆ ಮಿಸಿಸಿಪ್ಪಿ ಜಾನ್ ಹರ್ಟ್ ಅವರಿಂದ ಒಳಹೊಗಬಹುದು. ಪಕ್ಕದಲ್ಲಿ ಕೂತು ಮಾತಾಡಿದಷ್ಟು ಮೆತ್ತಗೆ ಹಾಡುತ್ತಾರೆ, ಹೆಬ್ಬೆರಳು ಕೆಳತಂತಿಗಳಲ್ಲಿ ತಾಳ ತಪ್ಪದೆ ನಡೆಯುತ್ತಿರುತ್ತದೆ. 1928ರಲ್ಲಿ ಮುದ್ರಿಸಿದ ಮೇಲೆ ಅವರು ಹೊಲಕ್ಕೆ ಮರಳಿದರು, ಹೊರಗಿನ ಲೋಕ ಅವರನ್ನು ಮರೆಯಿತು. ಒಂದು ಹಾಡಿನಲ್ಲಿ ತಮ್ಮ ಊರು ಅವಲಾನ್ ಎಂದು ಹಾಡಿದ್ದರು. ಆ ಸುಳಿವು ಹಿಡಿದು 1963ರಲ್ಲಿ ಒಬ್ಬ ಅಭಿಮಾನಿ ಹುಡುಕಿಕೊಂಡು ಹೋದಾಗ ಅಲ್ಲೇ ಇದ್ದರು. 1966ರಲ್ಲಿ ತೀರಿಕೊಳ್ಳುವ ತನಕ ಮತ್ತೆ ಹಾಡಿದರು. ಒಂದೇ ಹಾಡನ್ನು 1928ರಲ್ಲಿ ಹಾಡಿದ್ದು, ಸುಮಾರು 35 ವರ್ಷದ ಮೇಲೆ ಹಾಡಿದ್ದು, ಎರಡೂ ಸಿಗುತ್ತವೆ. ಮೊದಲು ಹಳೆಯದನ್ನು ಕೇಳಿ, ಆಮೇಲೆ ಹೊಸದನ್ನು.